ಈಗ ಬಿಟ್ಟರೂ ತಡವಲ್ಲ ಕಣೋ

ಗೆಳೆಯಾ,

"ಶ್ವಾಸಕೋಶ ಹಾಳಾಗಿಯೇ ಹೋಗಿದೆ, ಇನ್ನು ಸಿಗರೇಟು ಬಿಟ್ಟು ಏನಾಗಬೇಕು" ಎಂದು ಬರೆದಿದ್ದೀಯ. ಓದಿ ಸಂಕಟವಾಯಿತು. ನಿನಗಿರುವ ಸಿಒಪಿಡಿಯಲ್ಲಿ, ಅಂದರೆ ಶ್ವಾಸನಾಳಗಳು ಕಿರಿದಾಗಿ ಉಸಿರಾಟ ಕಷ್ಟವಾಗುವ ದೀರ್ಘಕಾಲದ ಕಾಯಿಲೆಯಲ್ಲಿ, ಕಳೆದುಕೊಂಡದ್ದು ಪೂರ್ತಿ ವಾಪಸ್ ಬರುವುದಿಲ್ಲ, ನಿಜ. ಆದರೆ ಬಿಟ್ಟವರಲ್ಲಿ ಶ್ವಾಸಕೋಶ ಸೊರಗುವ ವೇಗ ತಗ್ಗುತ್ತದೆ. ಉಳಿದಿರುವ ಉಸಿರು ನಿನ್ನದೇ ಅಲ್ವಾ? ಅದನ್ನು ಉಳಿಸಿಕೊಳ್ಳೋಣ.

ನಿನ್ನನ್ನು ಹೆದರಿಸಲು ಬರೆಯುತ್ತಿಲ್ಲ. ಕಾಯಿಲೆಯವರಿಗೆ ಭಯ ಮೊದಲೇ ಜಾಸ್ತಿ ಇರುತ್ತದೆ. ಮನೆಯವರು ಬೈದಷ್ಟೂ ಅವರು ಕದ್ದು ಸೇದುತ್ತಾರೆ, ಡಾಕ್ಟರ ಹತ್ತಿರವೂ ಮುಚ್ಚಿಡುತ್ತಾರೆ. ಅದಕ್ಕಿಂತ, ಊದಿಸಿ ನೋಡುವ ಸ್ಪೈರೋಮೆಟ್ರಿ ಪರೀಕ್ಷೆಯ ಫಲಿತಾಂಶವನ್ನು ಡಾಕ್ಟರು ಎದುರಿಗೆ ಕೂರಿಸಿಕೊಂಡು ಬಿಡಿಸಿ ಹೇಳಿದರೆ ಮನಸ್ಸಿಗೆ ನಾಟುತ್ತದೆ. ನೀನೇ ಕೇಳು.

"ಮನಸ್ಸು ಗಟ್ಟಿ ಮಾಡ್ಕೋ" ಎನ್ನುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ತಂಬಾಕಿನಲ್ಲಿ ಚಟ ಹಿಡಿಸುವ ನಿಕೋಟಿನ್ ಮಿದುಳನ್ನೇ ಒಗ್ಗಿಸಿಕೊಂಡಿರುತ್ತದೆ. ಅದಕ್ಕೂ ಚಿಕಿತ್ಸೆ ಇದೆ. ಹೊಗೆಯಿಲ್ಲದೆ ಚರ್ಮದ ಮೂಲಕ ನಿಕೋಟಿನ್ ಕೊಡುವ ಪ್ಯಾಚ್ ಎಂಬ ಪಟ್ಟಿ ಒಂದನ್ನೇ ಹಾಕಿಕೊಳ್ಳುವುದಕ್ಕಿಂತ, ಜೊತೆಗೆ ಬಾಯಲ್ಲಿಟ್ಟುಕೊಳ್ಳುವ ನಿಕೋಟಿನ್ ಗಮ್ ಕೂಡ ಇದ್ದರೆ ಬಿಡುವವರ ಸಂಖ್ಯೆ ಜಾಸ್ತಿ. ವೆರೆನಿಕ್ಲಿನ್ ಎಂಬ ಮಾತ್ರೆಯೂ ಇದೆ, ಡಾಕ್ಟರು ಬರೆದುಕೊಡಬೇಕು. ಗಮ್ಮನ್ನು ಸುಮ್ನೆ ಜಗಿಯುತ್ತಾ ಇರಬಾರದು. ನಾಲಿಗೆ ಚುರುಗುಟ್ಟಿದ ಕೂಡಲೇ ನಿಲ್ಲಿಸಿ, ಕೆನ್ನೆಯ ಒಳಗೆ ಒತ್ತಿ ಇಟ್ಟುಕೊಳ್ಳಬೇಕು. ಜಗಿದು ನುಂಗುತ್ತಾ ಹೋದರೆ ಬಿಕ್ಕಳಿಕೆ, ಹೊಟ್ಟೆ ಉರಿ. ಎಷ್ಟೋ ಜನ ಇದು ಗೊತ್ತಿಲ್ಲದೆ ಗಮ್ ಕೆಲಸ ಮಾಡಲ್ಲ ಅಂತ ಬಿಟ್ಟುಬಿಡುತ್ತಾರೆ.

ಇನ್ನೊಂದು ಮಾತು, ಇದು ತುಂಬಾ ಮುಖ್ಯ. ನೀನು ಉಸಿರಾಟ ಸಲೀಸಾಗಲು ಥಿಯೋಫಿಲಿನ್ ಮಾತ್ರೆ ತೆಗೆದುಕೊಳ್ಳುತ್ತೀಯಲ್ಲ, ಸಿಗರೇಟಿನ ಹೊಗೆ ಆ ಔಷಧಿಯನ್ನು ದೇಹದಿಂದ ಬೇಗ ಖಾಲಿ ಮಾಡಿಸುತ್ತದೆ. ಹೊಗೆ ನಿಂತರೆ ಅದೇ ಡೋಸು ಮೈಯಲ್ಲಿ ಜಾಸ್ತಿಯಾಗಿ ವಾಕರಿಕೆ, ಎದೆಬಡಿತ ಬರಬಹುದು. ಪ್ಯಾಚ್ ಹಾಕಿಕೊಂಡಿದ್ದರೂ ಅಷ್ಟೇ, ಏಕೆಂದರೆ ಇದು ಹೊಗೆಯ ಕೆಲಸ, ನಿಕೋಟಿನ್ನದಲ್ಲ. ಹಾಗಾಗಿ ಬಿಡುವ ದಿನವನ್ನು ಡಾಕ್ಟರಿಗೆ ಮೊದಲೇ ತಿಳಿಸಿ, ಡೋಸು ಸರಿಮಾಡಿಸಿಕೋ. ಇನ್ಸುಲಿನ್ ತೆಗೆದುಕೊಳ್ಳುವವರೂ ಆ ದಿನಗಳಲ್ಲಿ ಸಕ್ಕರೆಯನ್ನು ಆಗಾಗ ನೋಡಿಕೊಳ್ಳುತ್ತಿರಬೇಕು.

ಮೊದಲ ವಾರ ಕಷ್ಟ. ಸಿಡುಕು, ನಿದ್ದೆಗೇಡು ಎಲ್ಲ ಬರುತ್ತದೆ. ಎರಡರಿಂದ ನಾಲ್ಕು ವಾರಗಳಲ್ಲಿ ಬಹುಪಾಲು ಇಳಿಯುತ್ತದೆ. ಸೇದಬೇಕೆಂಬ ತುಡಿತ ಬಂದಾಗ ನನಗೆ ಫೋನ್ ಮಾಡು, ಎಷ್ಟು ಹೊತ್ತಾದರೂ ಸರಿ. ಅದು ಕೆಲವೇ ನಿಮಿಷ ಇರುತ್ತದೆ, ಮಾತಾಡುತ್ತಾ ಕಳೆಯೋಣ. ನಿನ್ನ ತಮ್ಮನೂ ಸೇದುತ್ತಾನಲ್ಲ, ಮನೆಯೊಳಗೆ ಹಚ್ಚಬೇಡ ಎಂದು ಅವನಿಗೆ ನಾನೇ ಹೇಳುತ್ತೇನೆ.

ಡಾಕ್ಟರ ಹತ್ತಿರ ಯಾವತ್ತು ಹೋಗುತ್ತೀಯ ಹೇಳು, ನಾನೂ ಬರುತ್ತೇನೆ. ನಿನ್ನ ಮಾತ್ರೆ ಚೀಟಿಗಳನ್ನೆಲ್ಲ ತೆಗೆದಿಟ್ಟಿರು.

ನಿನ್ನ ಗೆಳೆಯ