ಗೆಳೆಯನಿಗೊಂದು ಪತ್ರ: ಯುದ್ಧಕಾಲದ ಕಂಟ್ರಿ ಹಾಡುಗಳ ಕುರಿತು

ಪ್ರಿಯ ಗೆಳೆಯಾ,

ಎರಡನೆಯ ಮಹಾಯುದ್ಧದ ಆರಂಭದ ವರ್ಷಗಳಲ್ಲಿ ಅಮೆರಿಕದ ಕಂಟ್ರಿ ಸಂಗೀತವು (ದಕ್ಷಿಣದ ಹಳ್ಳಿಗಾಡಿನಲ್ಲಿ ಬೆಳೆದ ಹಾಡುಗಾರಿಕೆ) ಬಾವುಟ ಬೀಸುವ ಪ್ರಚಾರಗೀತೆಗಳ ರಾಶಿಯೇ ಹೊರತು ಬೇರೇನಲ್ಲ ಎಂದು ನೀನು ಬರೆದಿದ್ದೆ. ನಿನ್ನ ಮಾತನ್ನು ಪೂರ್ತಿಯಾಗಿ ತಳ್ಳಿಹಾಕುವಂತಿಲ್ಲ. 1941ರ ಡಿಸೆಂಬರ್ 7ರಂದು ಪರ್ಲ್ ಹಾರ್ಬರ್ ಮೇಲೆ ದಾಳಿ ನಡೆದದ್ದೇ ತಡ, ಜಪಾನೀಯರನ್ನು ಹೀಯಾಳಿಸುವ ಹಾಡುಗಳು ಒಂದರ ಹಿಂದೊಂದು ಹೊರಬಂದವು. ಬಾಬ್ ಮಿಲ್ಲರ್ ಬರೆದು ಕಾರ್ಸನ್ ರಾಬಿಸನ್ ಹಾಡಿದ ಒಂದು ಹಾಡಿನ ಶೀರ್ಷಿಕೆಯಲ್ಲಿಯೇ ಇಡೀ ಜನಾಂಗಕ್ಕೆ ಬೈಗುಳವಿದೆ. ಅದನ್ನು ಇಲ್ಲಿ ಬರೆಯಲು ನನಗೆ ಮನಸ್ಸಿಲ್ಲ.

ಆದರೆ ಅದೇ ಬಾಬ್ ಮಿಲ್ಲರ್, ಶೆಲ್ಬಿ ಡಾರ್ನೆಲ್ ಎಂಬ ಮರೆಹೆಸರಿನಲ್ಲಿ, ಪಾಲ್ ರಾಬರ್ಟ್ಸ್ ಎಂಬವರೊಡನೆ ಸೇರಿ ಇನ್ನೊಂದು ಹಾಡನ್ನೂ ಕಟ್ಟಿದ್ದಾರೆ. ಅದು 'ದೇರ್ಸ್ ಎ ಸ್ಟಾರ್ ಸ್ಪ್ಯಾಂಗಲ್ಡ್ ಬ್ಯಾನರ್ ವೇವಿಂಗ್ ಸಮ್‌ವೇರ್'. ಅರ್ಕನ್ಸಾ ರಾಜ್ಯದವನಾದ ಎಲ್ಟನ್ ಬ್ರಿಟ್ ಅದನ್ನು 1942ರಲ್ಲಿ ಆರ್‌ಸಿಎ ವಿಕ್ಟರ್ ಕಂಪನಿಯ ಬ್ಲೂಬರ್ಡ್ ಎಂಬ ಮುದ್ರೆಗಾಗಿ ಹಾಡಿದ. ಕಾಲು ಊನವಾದ ಬೆಟ್ಟದ ಹುಡುಗನೊಬ್ಬ ತನಗೂ ಯುದ್ಧದಲ್ಲಿ ಒಂದು ಅವಕಾಶ ಕೊಡಿರೆಂದು ಬೇಡಿಕೊಳ್ಳುವುದು ಅದರ ವಸ್ತು. ಸತ್ತ ಮೇಲೆ ವಾಷಿಂಗ್ಟನ್, ಲಿಂಕನ್ ಮೊದಲಾದವರ ಸಾಲಿನಲ್ಲಿ, ಪರ್ಲ್ ಹಾರ್ಬರ್ ದಾಳಿಯಾದ ಮೂರೇ ದಿನಗಳಲ್ಲಿ ಫಿಲಿಪ್ಪೀನ್ಸ್‌ನಲ್ಲಿ ಮಡಿದ ವಿಮಾನ ಚಾಲಕ ಕಾಲಿನ್ ಕೆಲಿಯನ್ನೂ ಕಾಣುವ ಆಸೆ ಆ ಹುಡುಗನಿಗೆ. ಇದು ದೇಶಭಕ್ತಿಯ ಹಾಡೇ ಹೌದು. ಆದರೂ ಅದಕ್ಕೆ ಜೀವ ಕೊಟ್ಟಿರುವುದು ಬಾವುಟವಲ್ಲ, ಯಾರಿಗೂ ಬೇಡವಾದ ಒಬ್ಬ ಹುಡುಗನ ಸಂಕಟ. ಅಂಥ ಸಂಕಟವನ್ನು ಹಾಡುವುದರಲ್ಲಿ ಆ ಬೆಟ್ಟಸೀಮೆಯ ಗಾಯಕರು ಯುದ್ಧಕ್ಕಿಂತ ಬಹಳ ಹಿಂದಿನಿಂದಲೂ ಪಳಗಿದ್ದರು. ಹತ್ತು ಲಕ್ಷಕ್ಕೂ ಮೀರಿ ಮಾರಾಟವಾದ ಆ ರೆಕಾರ್ಡಿಗೆ 1944ರಲ್ಲಿ ಚಿನ್ನದ ರೆಕಾರ್ಡಿನ ಗೌರವ ಸಂದಿತು.

ಅಷ್ಟು ಪ್ರತಿಗಳು ಮಾರಾಟವಾದದ್ದು ಎಂಥ ಕಾಲದಲ್ಲಿ ಎಂಬುದನ್ನು ನೀನು ಗಮನಿಸಬೇಕು, ಏಕೆಂದರೆ ಇಲ್ಲಿ ನಮ್ಮ ದೇಶವೂ ಕಥೆಯೊಳಕ್ಕೆ ಬರುತ್ತದೆ. ಆ ಕಾಲದ ರೆಕಾರ್ಡುಗಳನ್ನು ಅರಗಿನಿಂದ ಮಾಡುತ್ತಿದ್ದರು. ಚನ್ನಪಟ್ಟಣದ ಗೊಂಬೆಗಳಿಗೆ ಬಣ್ಣದ ಹೊಳಪು ಕೊಡುವುದೂ ಇದೇ ಅರಗು. ಛೋಟಾ ನಾಗಪುರದ ಕಾಡುಗಳಲ್ಲಿ ಮುತ್ತುಗ, ಬೋರೆ ಮುಂತಾದ ಮರಗಳ ಕೊಂಬೆಗಳ ಮೇಲೆ ಸಣ್ಣ ಕೀಟವೊಂದು ಸ್ರವಿಸುವ ಆ ಅಂಟು ಕಲ್ಕತ್ತೆಯಿಂದ ಹಡಗು ಹತ್ತಿ ಅಮೆರಿಕ ಸೇರಬೇಕಾಗಿತ್ತು. ಜಪಾನ್ ಯುದ್ಧಕ್ಕಿಳಿದ ಮೇಲೆ ಆ ಸಮುದ್ರಮಾರ್ಗಕ್ಕೆ ಭರವಸೆಯಿಲ್ಲದಂತಾಯಿತು; ಬಂದಷ್ಟು ಅರಗೂ ಸೈನ್ಯದ ಅಗತ್ಯಗಳಿಗೆ ಮೀಸಲಾಯಿತು. 1942ರ ಏಪ್ರಿಲ್‌ನಲ್ಲಿ ಅಲ್ಲಿನ ಯುದ್ಧೋತ್ಪಾದನಾ ಮಂಡಳಿಯು ರೆಕಾರ್ಡು ಕಂಪನಿಗಳ ಅರಗಿನ ಪಾಲನ್ನು ಶೇ. 70ರಷ್ಟು ಕಡಿತಗೊಳಿಸಿತು. ಹಳೆಯ ರೆಕಾರ್ಡುಗಳನ್ನು ಜನರಿಂದ ಮರಳಿ ಪಡೆದು, ಪುಡಿಮಾಡಿ, ಹೊಸದಕ್ಕೆ ಬೆರೆಸುವ ಸ್ಥಿತಿ ಬಂದಿತು.

ಇದು ಸಾಲದೆಂಬಂತೆ ಆಗಸ್ಟ್ 1ರಿಂದ ಸಂಗೀತಗಾರರ ಒಕ್ಕೂಟದ ಅಧ್ಯಕ್ಷ ಜೇಮ್ಸ್ ಪೆಟ್ರಿಲೊ, ವಾದಕರು ಧ್ವನಿಮುದ್ರಣಕ್ಕೆ ನುಡಿಸುವುದನ್ನೇ ನಿಷೇಧಿಸಿಬಿಟ್ಟ. ರೇಡಿಯೊ ಮತ್ತು ಜೂಕ್‌ಬಾಕ್ಸ್‌ಗಳು (ನಾಣ್ಯ ಹಾಕಿದರೆ ಹಾಡು ಕೇಳಿಸುವ ಯಂತ್ರಗಳು) ರೆಕಾರ್ಡುಗಳಿಂದಲೇ ಕೆಲಸ ನಡೆಸುತ್ತ ವಾದಕರ ಅನ್ನ ಕಸಿಯುತ್ತಿವೆ ಎಂಬುದು ಅವನ ದೂರು, ಮತ್ತು ಅದರಲ್ಲಿ ನ್ಯಾಯವಿತ್ತು. ಡೆಕ್ಕಾ ಕಂಪನಿ 1943ರ ಸೆಪ್ಟೆಂಬರ್‌ನಲ್ಲಿ ಒಪ್ಪಂದಕ್ಕೆ ಬಂದರೆ, ಕೊಲಂಬಿಯಾ ಮತ್ತು ಆರ್‌ಸಿಎ ವಿಕ್ಟರ್ 1944ರ ನವೆಂಬರ್‌ವರೆಗೂ ಪಟ್ಟು ಬಿಡಲಿಲ್ಲ. ಗಾಯಕರಿಗೆ ಆ ನಿಷೇಧ ಅನ್ವಯಿಸದೆ ಇದ್ದುದರಿಂದ ನಗರದ ಜನಪ್ರಿಯ ಗಾಯಕರು ವಾದ್ಯಗಳಿಲ್ಲದೆ ಬರಿಯ ವೃಂದಗಾನದ ಹಿನ್ನೆಲೆಯಲ್ಲಿ ಹಾಡಿ ಹೇಗೋ ನಿಭಾಯಿಸಿದರು. ಪಿಟೀಲು, ಗಿಟಾರುಗಳನ್ನು ಕಿತ್ತುಕೊಂಡರೆ ಹಿಲ್‌ಬಿಲಿ (ಕಂಟ್ರಿ ಸಂಗೀತಕ್ಕೆ ಆಗಿದ್ದ ಹೆಸರು) ಹಾಡಿನಲ್ಲಿ ಉಳಿಯುವುದಾದರೂ ಏನು?

ಇಷ್ಟೆಲ್ಲ ಅಡ್ಡಿಗಳಿದ್ದೂ ಆ ಸಂಗೀತ ದಕ್ಷಿಣದ ರಾಜ್ಯಗಳನ್ನು ದಾಟಿ ದೇಶದ ತುಂಬ ಹರಡಿದ್ದು ಜನರ ಓಡಾಟದಿಂದ ಎಂಬುದು ನನ್ನ ವಾದ. ಟೆನೆಸ್ಸಿ, ಕೆಂಟಕಿಗಳ ಕುಟುಂಬಗಳು ಯುದ್ಧಸಾಮಗ್ರಿಯ ಕಾರ್ಖಾನೆಗಳನ್ನು ಅರಸಿ ಡೆಟ್ರಾಯ್ಟ್, ಬಾಲ್ಟಿಮೋರ್, ಲಾಸ್ ಏಂಜಲೀಸ್‌ಗಳಿಗೆ ಹೊರಟವು. ಅದೇ ಹೊತ್ತಿಗೆ ನ್ಯೂಯಾರ್ಕ್, ಷಿಕಾಗೊಗಳ ಹುಡುಗರು ದಕ್ಷಿಣದ ತರಬೇತಿ ಶಿಬಿರಗಳಲ್ಲಿ ಜಾರ್ಜಿಯಾದ ರೈತರ ಮಕ್ಕಳ ಪಕ್ಕದ ಮಂಚದಲ್ಲಿ ಮಲಗಿ, ಬೇಕಿರಲಿ ಬೇಡವಿರಲಿ, ಅವರ ಹಾಡುಗಳನ್ನು ಕೇಳಬೇಕಾಯಿತು. ನ್ಯಾಶ್‌ವಿಲ್‌ನ ಕಂಟ್ರಿ ಸಂಗೀತದ ರೇಡಿಯೊ ಕಾರ್ಯಕ್ರಮವಾದ ಗ್ರ್ಯಾಂಡ್ ಓಲ್ ಆಪ್ರಿ 1941ರಲ್ಲಿ, ಕ್ಯಾಮಲ್ ಸಿಗರೇಟಿನ ಕಂಪನಿಯ ಖರ್ಚಿನಲ್ಲಿ, ಕ್ಯಾಮಲ್ ಕ್ಯಾರವಾನ್ ಎಂಬ ತಂಡವನ್ನು ಶಿಬಿರಗಳಿಗೆ ಕಳುಹಿಸಿತು. ಪೀ ವೀ ಕಿಂಗ್, ಮಿನ್ನಿ ಪರ್ಲ್, ಆಗಿನ್ನೂ ಹೆಸರು ಮಾಡಿರದ ಎಡ್ಡಿ ಅರ್ನಾಲ್ಡ್ ಅದರಲ್ಲಿದ್ದರು. ಸೈನಿಕರಿಗೆ ಸಿಗರೇಟು ಪುಕ್ಕಟೆ. ಖರ್ಚು ಕೊಟ್ಟ ಕಂಪನಿಗೆ ಅದು ಸೇವೆಗಿಂತ ಜಾಹೀರಾತೇ ಆಗಿತ್ತೆನ್ನು, ಆದರೆ ಹಾಡು ತಲುಪಿತು.

ಆ ಸೈನಿಕರ ಕಿವಿಯಲ್ಲಿ ಉಳಿದ ಹಾಡುಗಳಲ್ಲಿ ಯುದ್ಧದ ಮಾತೇ ಇಲ್ಲದವು ಎಷ್ಟೋ ಇದ್ದವು. ಗಾಯಕ ಅರ್ನೆಸ್ಟ್ ಟಬ್‌ನ 'ವಾಕಿಂಗ್ ದ ಫ್ಲೋರ್ ಓವರ್ ಯೂ' ಧ್ವನಿಮುದ್ರಣವಾದದ್ದು 1941ರ ಏಪ್ರಿಲ್‌ನಲ್ಲಿ, ಅಂದರೆ ಅಮೆರಿಕ ಯುದ್ಧಕ್ಕಿಳಿಯುವ ಮೊದಲು. ನಲ್ಲೆ ಬಿಟ್ಟುಹೋದಳೆಂದು ರಾತ್ರಿಯೆಲ್ಲ ನಿದ್ದೆಯಿಲ್ಲದೆ ಶತಪಥ ಹಾಕುವವನ ಹಾಡದು. ಸಂಜೆಯಾದಂತೆ ಪಾನಗೃಹಗಳ ಗದ್ದಲದಲ್ಲಿ ಟಬ್‌ನ ಹಳೆಯ ಹಾಡುಗಳು ಕೇಳಿಸುತ್ತಿಲ್ಲವೆಂದು ಜೂಕ್‌ಬಾಕ್ಸ್ ನಡೆಸುವವನೊಬ್ಬ ದೂರಿದ್ದರಿಂದ, ಈ ಹಾಡಿಗೆ ವಿದ್ಯುತ್ ಗಿಟಾರ್ ಸೇರಿಸಿದರಂತೆ. ಅಲ್ ಡೆಕ್ಸ್‌ಟರ್‌ನ 'ಪಿಸ್ಟಲ್ ಪ್ಯಾಕಿನ್ ಮಾಮಾ' ಕೂಡ 1942ರ ಮಾರ್ಚ್‌ನಲ್ಲಿ, ಪೆಟ್ರಿಲೊನ ನಿಷೇಧಕ್ಕೆ ಮುನ್ನವೇ, ಮುದ್ರಣವಾಗಿ ಕಾದು ಕುಳಿತಿತ್ತು. ಹೊಸ ಮುದ್ರಣಗಳು ವಿರಳವಾಗಿದ್ದ 1943ರಲ್ಲಿ ಹೊರಬಂದು ದೇಶವನ್ನೇ ಆವರಿಸಿತು. ಗಂಡನನ್ನು ಹುಡುಕುತ್ತ ಪಿಸ್ತೂಲು ಹಿಡಿದು ಬರುವ ಹೆಣ್ಣಿನ ಆ ಹಾಡಿನಲ್ಲಿ ಯಾವ ಸರ್ಕಾರದ ಪ್ರಚಾರವನ್ನು ಕಾಣುತ್ತೀಯೋ ನನಗೆ ತಿಳಿಯದು.

ಎಲ್ಟನ್ ಬ್ರಿಟ್‌ಗಿಂತ ಮೊದಲು ಟಬ್‌ನನ್ನು ಕೇಳು, ಆಮೇಲೆ ಉತ್ತರ ಬರೆ. ಮನೆಯವರಿಗೆಲ್ಲ ನನ್ನ ನಮಸ್ಕಾರಗಳನ್ನು ತಿಳಿಸು.

ಇಂತು ನಿನ್ನ,
ಗೆಳೆಯ