ಲೈವ್ ರಾಕ್ ಜೊತೆ ಬಂದ ಅನಿಮೋನ್‌ಗಳು ಮತ್ತು ನಿಮ್ಮ ಅಂಗಡಿಯ ಸಲಹೆಗಳ ಬಗ್ಗೆ ದೂರು

ಇಂದ:
ನಿಮ್ಮ ಗ್ರಾಹಕ, ರಾಜಾಜಿನಗರ, ಬೆಂಗಳೂರು

ಗೆ:
ಮಾಲೀಕರು, ಸಮುದ್ರ ಮೀನು ಮತ್ತು ಅಕ್ವೇರಿಯಂ ಅಂಗಡಿ, ಬೆಂಗಳೂರು

ವಿಷಯ: 'ಪೆಸ್ಟ್ ಫ್ರೀ' ಎಂದು ಮಾರಿದ ಕಲ್ಲಿನಲ್ಲಿ ಐಪ್ಟೇಸಿಯಾ ಎಂಬ ಉಪದ್ರವಿ ಅನಿಮೋನ್ (ಕುಟುಕುವ ಎಳೆಗಳ ಕಡಲಜೀವಿ) ಬಂದಿರುವುದು, ನಂತರ ಕೊಟ್ಟ ತಪ್ಪು ಸಲಹೆಗಳು, ಹಣ ವಾಪಸು ಕೋರಿಕೆ

ಮಾನ್ಯರೇ,

ಕಳೆದ ಮಳೆಗಾಲದಲ್ಲಿ ಕೆಜಿಗೆ 600 ರೂಪಾಯಿಯಂತೆ ನಿಮ್ಮಲ್ಲಿ 12 ಕೆಜಿ ಲೈವ್ ರಾಕ್ (ಜೀವಿಗಳು ಸೇರಿಕೊಂಡಿರುವ ಸಮುದ್ರದ ಕಲ್ಲು) ನನ್ನ ಉಪ್ಪುನೀರಿನ ಟ್ಯಾಂಕಿಗೆಂದು ಕೊಂಡಿದ್ದೆ. ಬಿಲ್ಲಿನ ಪ್ರತಿ ಇದರ ಜೊತೆಗಿದೆ. ಅದರ ಮೇಲೆ ನಿಮ್ಮವರೇ ಪೆನ್ನಿನಲ್ಲಿ 'ಕ್ಯೂರ್ಡ್, ಪೆಸ್ಟ್ ಫ್ರೀ' ಎಂದು ಬರೆದುಕೊಟ್ಟಿದ್ದಾರೆ.

ಲೈವ್ ರಾಕ್ ಅಂದ ಮೇಲೆ ಅದರ ಜೊತೆ ಏನೇನೋ ಬರುತ್ತದೆ. ಅದು ನನಗೂ ಗೊತ್ತು. ಅದಕ್ಕೇ ಅಲ್ವಾ ಒಣ ಕಲ್ಲಿಗಿಂತ ಜಾಸ್ತಿ ದುಡ್ಡು ಕೊಟ್ಟು ತರುವುದು? ಮೊದಮೊದಲು ರಾತ್ರಿ ಲೈಟ್ ಆರಿದ ಮೇಲೆ ಕೆಂಪು ಟಾರ್ಚ್ ಹಿಡಿದು ಟ್ಯಾಂಕಿನ ಮುಂದೆ ಕೂರುತ್ತಿದ್ದೆ. ಬ್ರಿಸಲ್ ಹುಳು ಸಿಕ್ಕಿತು, ಸಣ್ಣ ಬ್ರಿಟಲ್ ಸ್ಟಾರ್‌ಗಳು ಸಿಕ್ಕವು, ಹೆಸರೇ ಗೊತ್ತಿಲ್ಲದ ಒಂದು ಬಸವನಹುಳು ಸಿಕ್ಕಿತು. ಇವುಗಳ ಬಗ್ಗೆ ನನ್ನ ತಕರಾರೇನೂ ಇಲ್ಲ. ಸಂತೋಷವೇ ಆಯಿತು.

ಆಮೇಲೆ ಒಂದು ಸಂದಿಯಿಂದ ತಿಳಿ ಕಂದು ಬಣ್ಣದ ಕಾಂಡ ಹೊರಗೆ ಬಂತು. ಒಳಗಿರುವುದು ಕಾಣುವಷ್ಟು ತೆಳು. ತುದಿಯಲ್ಲಿ ಉದ್ದುದ್ದ, ಚೂಪಾದ ಎಳೆಗಳ ಸುತ್ತು, ನಡುವೆ ಬಾಯಿ. ಪೈಪೆಟ್‌ನಲ್ಲಿ ಬ್ರೈನ್ ಶ್ರಿಂಪ್ ಬಿಟ್ಟರೆ ಎಳೆಗಳು ಒಂದೊಂದಾಗಿ ಒಳಗೆ ಮಡಚಿಕೊಳ್ಳುತ್ತಿದ್ದವು. ಕಡ್ಡಿ ತಾಗಿಸಿದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಕಲ್ಲಿನೊಳಗೆ ಮಾಯ. ಜಾಸ್ತಿ ಕೆಣಕಿದರೆ ಮೈಯಿಂದ ಬಿಳಿ ದಾರದಂಥದ್ದು ಹೊರಗೆ ಬಿಡುತ್ತಿತ್ತು. ಅದರ ತುಂಬ ಕುಟುಕುವ ಕೋಶಗಳು. ನೋಡಲು ಚೆಂದವೇ, ಸುಳ್ಳು ಯಾಕೆ ಹೇಳಲಿ. ಆದರೆ ಪಕ್ಕದಲ್ಲಿ ಅಂಟಿಸಿದ್ದ ಝೋಆಂತಿಡ್ ಎಂಬ ಹವಳದಂಥ ಜೀವಿಗಳು ಅದು ತಾಗುವ ಕಡೆಯಿಂದಲೇ ಮುಚ್ಚಿಕೊಳ್ಳತೊಡಗಿದವು. ಇನ್ನೊಂದು ಕಲ್ಲಿನಲ್ಲಿ ಮೋಟು ಎಳೆಗಳ, ಹಸಿರು ಮಿರುಗಿನ ಬೇರೆ ಜಾತಿಯೂ ಕಂಡಿತು. ಅದು ಮಜಾನೋ. ಮೊದಲನೆಯದು ಐಪ್ಟೇಸಿಯಾ. ಉಪ್ಪುನೀರಿನ ಟ್ಯಾಂಕ್ ಇಟ್ಟವರೆಲ್ಲ ಹೆದರುವ ಜೋಡಿ ಇದು.

ಫೋಟೋ ತೆಗೆದು ನಿಮ್ಮ ಅಂಗಡಿಯ ವಾಟ್ಸಾಪ್ ನಂಬರಿಗೆ ಕಳಿಸಿದೆ. "ಲಕ್ಕಿ ಸಾರ್ ನೀವು, ಅನಿಮೋನ್ ಫ್ರೀ ಬಂದಿದೆ, ಕ್ಲೌನ್ ಮೀನು ಹೋಗಿ ಕೂರುತ್ತೆ" ಅಂತ ಉತ್ತರ ಬಂತು. ಕ್ಲೌನ್ ಮೀನುಗಳು ಸಮುದ್ರದಲ್ಲಿ ವಾಸ ಮಾಡುವುದು ಹತ್ತು ಜಾತಿಯ ಅನಿಮೋನ್‌ಗಳಲ್ಲಿ ಮಾತ್ರ. ಐಪ್ಟೇಸಿಯಾ, ಮಜಾನೋ ಎರಡೂ ಆ ಹತ್ತರಲ್ಲಿ ಇಲ್ಲ. ನನ್ನ ಕ್ಲೌನ್ ಜೋಡಿ ಇವತ್ತಿಗೂ ಪವರ್‌ಹೆಡ್ (ನೀರು ಓಡಾಡಿಸುವ ಪಂಪ್) ಪಕ್ಕದ ಮೂಲೆಯಲ್ಲೇ ಮಲಗುತ್ತದೆ. ಸಮುದ್ರ ಮೀನು ಮಾರುವ ಅಂಗಡಿಯವರಿಗೆ ಇಷ್ಟು ಗೊತ್ತಿರಬೇಡವೇ?

ಇದು ಬೇಡದ ಜೀವಿ ಎಂದು ನಾನೇ ಬರೆದ ಮೇಲೆ ಎರಡನೇ ಸಲಹೆ ಬಂತು: ಬ್ಲೇಡಿನಲ್ಲಿ ಕೆರೆದು ತೆಗೆಯಿರಿ. ನಿಮ್ಮ ಮಾತು ನಂಬಿ ಹಾಗೇ ಮಾಡಿದೆ. ಐಪ್ಟೇಸಿಯಾ ಮರಿ ಮಾಡುವ ಒಂದು ದಾರಿಯೇ ಅದು. ಬುಡದ ಚೂರು ಕಲ್ಲಿಗೆ ಅಂಟಿ ಉಳಿದರೆ ಸಾಕು, ಬಾಳೆಯ ಬುಡದಲ್ಲಿ ಕಂದು ಎದ್ದ ಹಾಗೆ ಸುತ್ತ ಹೊಸವು ಏಳುತ್ತವೆ. ಯಾರೂ ಕೆರೆಯದಿದ್ದರೂ ಅದು ಜರುಗುವಾಗ ತಾನೇ ಚೂರು ಬಿಟ್ಟು ಹೋಗುತ್ತದೆ. ಹವಳ ಬಿಳಿಚಿಕೊಳ್ಳುವುದು ಯಾಕೆ ಎಂದು ಸಂಶೋಧನೆ ಮಾಡುವವರು ಲ್ಯಾಬ್‌ಗಳಲ್ಲಿ ಇದನ್ನೇ ಸಾಕುತ್ತಾರೆ, ಬೆಳೆಸುವುದು ಅಷ್ಟು ಸಲೀಸು. ಒಂದು ಸಂದಿಯಲ್ಲಿ ಇದ್ದದ್ದು ಈಗ ಹಿಂದಿನ ಗಾಜಿನ ಮೇಲೆ, ಓವರ್‌ಫ್ಲೋ ಪೆಟ್ಟಿಗೆಯಲ್ಲಿ, ಸಂಪ್‌ನಲ್ಲಿ (ಟ್ಯಾಂಕಿನ ಕೆಳಗಿನ ಫಿಲ್ಟರ್ ತೊಟ್ಟಿ), ಎಲ್ಲ ಕಡೆ ಇದೆ.

ಮೂರನೆಯದು ಸಿಗಡಿ. ಪೆಪ್ಪರ್‌ಮಿಂಟ್ ಸಿಗಡಿ ಐಪ್ಟೇಸಿಯಾ ತಿನ್ನುತ್ತದೆ ಅಂದಿರಿ. ಈ ಮಾತು ಸರಿ, ಎಲ್ಲವೂ ತಿನ್ನುತ್ತವೆ ಅನ್ನುವ ಗ್ಯಾರಂಟಿ ಇಲ್ಲದಿದ್ದರೂ. ಆದರೆ 1,600 ರೂಪಾಯಿ ತೆಗೆದುಕೊಂಡು ನೀವು ಕೊಟ್ಟ ಎರಡೂ ಕ್ಯಾಮಲ್ ಸಿಗಡಿಗಳು. ಗೂನು ಬೆನ್ನು, ದೊಡ್ಡ ಕಣ್ಣು, ಕೆಂಪು ಪಟ್ಟೆಗಳ ನಡುವೆ ಬಿಳಿ ಗೆರೆ ಮತ್ತು ಚುಕ್ಕೆ. ಪೆಪ್ಪರ್‌ಮಿಂಟ್‌ನ ಮೈಮೇಲೆ ಅಂಥ ಬಿಳಿ ಗೆರೆ ಇರುವುದಿಲ್ಲ. ಕ್ಯಾಮಲ್ ಸಿಗಡಿ ಝೋಆಂತಿಡ್ ಕಿತ್ತು ತಿನ್ನುವುದಕ್ಕೆ ಹೆಸರುವಾಸಿ. ಇವೂ ಅದನ್ನೇ ಮಾಡಿದವು. ಐಪ್ಟೇಸಿಯಾ ತಂಟೆಗೆ ಹೋಗಲಿಲ್ಲ. ನಿಮ್ಮಲ್ಲೇ 1,500 ರೂಪಾಯಿ ಕೊಟ್ಟು ತಂದ ಝೋಆಂತಿಡ್‌ನಲ್ಲಿ ಈಗ ಉಳಿದಿರುವುದು ಒಂದು ಅಂಚು ಮಾತ್ರ.

ಇಲ್ಲಿಯವರೆಗಿನದು ದುಡ್ಡಿನ ಮಾತು. ಅಷ್ಟೇ ಆಗಿದ್ದರೆ ಅಂಗಡಿಗೆ ಬಂದು ಗೊಣಗಿ ಸುಮ್ಮನಾಗುತ್ತಿದ್ದೆನೇನೋ. ಈ ಪತ್ರ ಬರೆಯಲು ಕಾರಣ ನಿಮ್ಮ ನಾಲ್ಕನೇ ಸಲಹೆ: "ಕಲ್ಲನ್ನೇ ದೊಡ್ಡ ಪಾತ್ರೆಯಲ್ಲಿ ಹಾಕಿ ಕುದಿಸಿಬಿಡಿ, ಎಲ್ಲಾ ಸಾಯುತ್ತೆ." ಮೆಸೇಜ್ ನನ್ನ ಫೋನಿನಲ್ಲಿದೆ. ಆ ಕಲ್ಲಿನ ಮೇಲೆ ಝೋಆಂತಿಡ್ ಅಂಟಿಸಿದ್ದೇನೆ ಎಂದು ಅದಕ್ಕೂ ಮುಂಚೆಯೇ ಫೋಟೋ ಸಮೇತ ತಿಳಿಸಿದ್ದೆ.

ಝೋಆಂತಿಡ್‌ಗಳಲ್ಲಿ, ಅದರಲ್ಲೂ ಪಾಲಿಥೋವಾ ಜಾತಿಯವುಗಳಲ್ಲಿ, ಪಾಲಿಟಾಕ್ಸಿನ್ ಎಂಬ ವಿಷ ಇರಬಹುದು. ಕುದಿಸಿದರೆ, ಬಿಸಿನೀರು ಸುರಿದರೆ, ಒರಟಾಗಿ ಉಜ್ಜಿದರೆ ಆ ವಿಷ ಹಬೆಯ ಜೊತೆ, ಹನಿಯ ಜೊತೆ ಗಾಳಿಗೆ ಸೇರುತ್ತದೆ. ಉಸಿರಾಟದ ತೊಂದರೆ, ಜ್ವರ, ಕಣ್ಣುರಿ ಎಲ್ಲವೂ ಬರಬಹುದು. 2018ರಲ್ಲಿ ಇಂಗ್ಲೆಂಡಿನ ಆಕ್ಸ್‌ಫರ್ಡ್‌ಶೈರ್‌ನಲ್ಲಿ ಒಬ್ಬರು ಮನೆಯ ಟ್ಯಾಂಕ್ ಸ್ವಚ್ಛ ಮಾಡುವಾಗ ಹೀಗೇ ಆಗಿ ಮನೆಮಂದಿ ಆಸ್ಪತ್ರೆ ಸೇರಿದ್ದರು. ಸಹಾಯಕ್ಕೆ ಬಂದ ಅಗ್ನಿಶಾಮಕ ಸಿಬ್ಬಂದಿಯನ್ನೂ ಆಸ್ಪತ್ರೆಗೆ ಕರೆದೊಯ್ಯಬೇಕಾಯಿತು. ನಮ್ಮ ಮನೆಯ ಅಡುಗೆಕೋಣೆಗೆ ಇರುವುದು ಒಂದೇ ಕಿಟಕಿ. ವಯಸ್ಸಾದ ಅಮ್ಮ ಇದ್ದಾರೆ, ಅವರಿಗೆ ಉಬ್ಬಸ. ನಾನು ಕುದಿಸಲಿಲ್ಲ, ಈ ಅಪಾಯದ ಬಗ್ಗೆ ಮೊದಲೇ ಓದಿದ್ದೆ. ಹೊಸದಾಗಿ ಟ್ಯಾಂಕ್ ಇಟ್ಟ ಇನ್ನೊಬ್ಬ ಗ್ರಾಹಕ ಓದಿರುತ್ತಾನೆಯೇ?

ಇನ್ನು 'ಕ್ಯೂರ್ಡ್' ವಿಷಯ. ಕ್ಯೂರಿಂಗ್ ಅಂದರೆ ಕಲ್ಲಿನಲ್ಲಿ ಸತ್ತದ್ದೆಲ್ಲ ಕೊಳೆತು ಮುಗಿದು, ಅಮೋನಿಯಾ ಸೊನ್ನೆಗೆ ಇಳಿಯುವವರೆಗೆ ಕಾಯುವುದು. ಅದರಿಂದ ಐಪ್ಟೇಸಿಯಾ ಸಾಯುವುದಿಲ್ಲ. ನಿಮ್ಮ ಗೋಡೌನ್‌ನಲ್ಲಿ ಕಲ್ಲುಗಳು ಮುಚ್ಚಿದ ಡ್ರಮ್‌ಗಳಲ್ಲಿ ಇದ್ದದ್ದನ್ನು ನಾನೇ ನೋಡಿದ್ದೇನೆ. ಕತ್ತಲಲ್ಲಿ ಐಪ್ಟೇಸಿಯಾದ ಮೈಯೊಳಗಿನ ಪಾಚಿ ಹೋಗಿ ಅದು ಬೆಳ್ಳಗೆ, ಸಣ್ಣಗೆ ಆಗುತ್ತದೆ. ಆದರೂ ಬದುಕಿರುತ್ತದೆ, ಕಣ್ಣಿಗೆ ಮಾತ್ರ ಬೀಳುವುದಿಲ್ಲ. ನಮ್ಮ ಮನೆಯ ಲೈಟ್ ಬಿದ್ದ ಮೇಲೆ ಎದ್ದು ಕೂತಿದೆ. ಕೆಲವು ವಾರ ಬೆಳಕಿನಲ್ಲಿಟ್ಟು, ಸ್ವಲ್ಪ ಆಹಾರ ಹಾಕಿ ನೋಡಿದ್ದರೆ ನಿಮ್ಮಲ್ಲೇ ಕಾಣಿಸಿಕೊಳ್ಳುತ್ತಿತ್ತು. ಅಷ್ಟೂ ಮಾಡದೆ 'ಪೆಸ್ಟ್ ಫ್ರೀ' ಅಂತ ಬರೆದುಕೊಡುವುದು ಸರಿಯಲ್ಲ.

ಈಗ ಸಿರಿಂಜಿನಲ್ಲಿ ಕಾಲ್ಕ್‌ವಾಸರ್ ಪೇಸ್ಟ್ ಮಾಡಿಕೊಂಡು ಒಂದೊಂದರ ಬಾಯಿಗೂ ಹಾಕುತ್ತಿದ್ದೇನೆ. ಎಲೆ ಅಡಿಕೆಯ ಸುಣ್ಣದಲ್ಲಿರುವ ಕ್ಯಾಲ್ಸಿಯಂ ಹೈಡ್ರಾಕ್ಸೈಡೇ ಅದು. ಒಂದೇ ದಿನ ಜಾಸ್ತಿ ಹಾಕಿದರೆ ನೀರಿನ ಪಿಎಚ್ ಏರುತ್ತದೆ, ಹಾಗಾಗಿ ದಿನಕ್ಕೆ ನಾಲ್ಕೈದಕ್ಕಿಂತ ಹೆಚ್ಚು ಆಗುವುದಿಲ್ಲ. ಐಪ್ಟೇಸಿಯಾ ಬಿಟ್ಟು ಬೇರೇನನ್ನೂ ತಿನ್ನದ ಬರ್ಗಿಯಾ ಎಂಬ ಚಿಪ್ಪಿಲ್ಲದ ಕಡಲ ಬಸವನಹುಳುವನ್ನು ಕೇಳಿದ್ದಕ್ಕೆ ನಿಮ್ಮವರು ಆ ಹೆಸರೇ ಕೇಳಿಲ್ಲ ಅಂದರು.

ನನ್ನ ಕೋರಿಕೆ ಇಷ್ಟು. ಕಲ್ಲಿನ 7,200, ಸಿಗಡಿಯ 1,600, ಝೋಆಂತಿಡ್‌ನ 1,500, ಒಟ್ಟು 10,300 ರೂಪಾಯಿ ವಾಪಸು ಕೊಡಿ. ನಿಜವಾಗಿ ಪರೀಕ್ಷೆ ಮಾಡುವವರೆಗೆ 'ಪೆಸ್ಟ್ ಫ್ರೀ' ಎಂದು ಬರೆಯುವುದನ್ನು ನಿಲ್ಲಿಸಿ. ಕಲ್ಲು ಕುದಿಸಿ ಎಂದು ಇನ್ನು ಯಾರಿಗೂ ಹೇಳಬೇಡಿ, ಈಗಾಗಲೇ ಹೇಳಿದ್ದರೆ ಅವರಿಗೆ ಇವತ್ತೇ ಫೋನ್ ಮಾಡಿ ಬೇಡ ಅನ್ನಿ. ಹಣಕ್ಕಿಂತ ಇದು ಮುಖ್ಯ. ವಾಟ್ಸಾಪ್‌ನಲ್ಲಿ ಉತ್ತರ ಕೊಡುವ ಹುಡುಗನನ್ನು ಕೆಲಸದಿಂದ ತೆಗೆಯಿರಿ ಅಂತ ನಾನು ಕೇಳುತ್ತಿಲ್ಲ. ಪಾಪ, ಅವನಿಗೆ ಯಾರೂ ಹೇಳಿಕೊಟ್ಟಿಲ್ಲ. ನೀವು ಹೇಳಿಕೊಡಿ.

ಹದಿನೈದು ದಿನದೊಳಗೆ ಲಿಖಿತ ಉತ್ತರ ಬರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡುತ್ತೇನೆ. ಅಲ್ಲೂ ಆಗದಿದ್ದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಜಿಲ್ಲಾ ಆಯೋಗಕ್ಕೆ ಹೋಗುತ್ತೇನೆ. ಬಿಲ್ಲು, ಫೋಟೋಗಳು, ವಾಟ್ಸಾಪ್ ಸಂದೇಶಗಳ ಪ್ರತಿಗಳನ್ನು ಲಗತ್ತಿಸಿದ್ದೇನೆ.

ಎರಡು ಕ್ಯಾಮಲ್ ಸಿಗಡಿಗಳೂ ನನ್ನ ಸಂಪ್‌ನಲ್ಲಿ ಆರೋಗ್ಯವಾಗಿವೆ. ಹಣ ಕೊಡಲು ಬರುವಾಗ ಆಕ್ಸಿಜನ್ ತುಂಬಿದ ಕವರ್ ತಂದು ತೆಗೆದುಕೊಂಡು ಹೋಗಿ.

ಇಂತಿ,
ನಿಮ್ಮ ಗ್ರಾಹಕ