ಮಗಳಿಗೊಂದು ಪತ್ರ: ರೇಡಾರ್ ಮಾಡುವವಳೋ, ನಡೆಸುವವಳೋ?

ಪ್ರೀತಿಯ ಪುಟ್ಟಿ,

ಫೋನಿನಲ್ಲಿ ಈ ಮಾತು ಮುಗಿಯುವುದಿಲ್ಲ. ನಾನು ಒಂದು ಹೇಳುವಷ್ಟರಲ್ಲಿ ನಿಮ್ಮವ್ವ ಹಿಂದಿನಿಂದ ಇನ್ನೊಂದು ಹೇಳುತ್ತಾಳೆ. ನೀನು "ಆಯ್ತು ಬಿಡಪ್ಪಾ" ಅಂತ ಇಟ್ಟುಬಿಡುತ್ತೀಯ. ಅದಕ್ಕೇ ಬರೆಯುತ್ತಿದ್ದೇನೆ.

ಕೈಯಲ್ಲಿ ಐಟಿ ಕಂಪನಿಯ ಆಫರ್ ಲೆಟರ್ ಇದೆ, ಸೇನೆಗೆ ಅಧಿಕಾರಿಗಳನ್ನು ಆರಿಸುವ ಎಸ್‌ಎಸ್‌ಬಿ ಸಂದರ್ಶನಕ್ಕೆ ಬೆಂಗಳೂರಿಗೆ ಬರಲು ಕರೆಯೂ ಬಂದಿದೆ, ಯಾವುದಕ್ಕೆ ಹೂಂ ಅನ್ನಲಿ ಅಂತ ಕೇಳಿದೆ. ಸುಲಭದ್ದನ್ನು ಮೊದಲು ಮುಗಿಸೋಣ. ಕಂಪನಿಗೆ ಹೂಂ ಅನ್ನು. ಇದರಲ್ಲಿ ಯೋಚನೆ ಮಾಡುವಂಥದ್ದು ಏನೂ ಇಲ್ಲ. ಇಂಜಿನಿಯರ್‌ಗಳನ್ನು ಕೆಲವು ವರ್ಷದ ಮಟ್ಟಿಗೆ ಸೇನೆಯ ಅಧಿಕಾರಿಗಳಾಗಿ ತೆಗೆದುಕೊಳ್ಳುವ ಶಾರ್ಟ್ ಸರ್ವಿಸ್ ಟೆಕ್ನಿಕಲ್ ಎಂಟ್ರಿಯ ಪ್ರಕಟಣೆಯನ್ನು ನಾನೂ ಕೂತು ಓದಿದೆ. ಗಂಡುಮಕ್ಕಳಿಗೆ 350ರಷ್ಟು ಸೀಟು ಇರುವ ಕಡೆ ಹೆಣ್ಣುಮಕ್ಕಳಿಗೆ 30ರ ಆಸುಪಾಸು. ಆರನೇ ಸೆಮಿಸ್ಟರ್‌ವರೆಗಿನ ಮಾರ್ಕ್ಸ್ ನೋಡಿ ನಿನ್ನನ್ನು ಕರೆದಿದ್ದಾರೆ, ಅಷ್ಟೇ. ಮುಂದೆ ಐದು ದಿನದ ಎಸ್‌ಎಸ್‌ಬಿ, ಆಮೇಲೆ ಮೆಡಿಕಲ್, ಅದರ ಮೇಲೆ ಮೆರಿಟ್ ಲಿಸ್ಟ್. ಎಸ್‌ಎಸ್‌ಬಿಯಲ್ಲಿ ರೆಕಮೆಂಡ್ ಆಗಿ, ಮೆಡಿಕಲ್ ಪಾಸಾಗಿ, ಮೆರಿಟ್ ಲಿಸ್ಟ್‌ನಲ್ಲಿ ಕೆಳಗೆ ಉಳಿದು ಮನೆಗೆ ಬಂದವರೂ ಇದ್ದಾರೆ. ಕೋರ್ಸ್ ಶುರುವಾಗುವುದು ಅಕ್ಟೋಬರ್‌ನಲ್ಲಿ. ಅಲ್ಲಿಯವರೆಗೆ ಕೈಯಲ್ಲೊಂದು ಕೆಲಸ ಇರಲಿ. ಆದರೆ ಸಹಿ ಹಾಕುವ ಮುಂಚೆ ಸರ್ವಿಸ್ ಅಗ್ರಿಮೆಂಟ್ ಇದೆಯಾ, ನಡುವೆ ಬಿಟ್ಟರೆ ಎಷ್ಟು ಕಟ್ಟಬೇಕು ಅನ್ನೋದನ್ನು ಓದು. ಆ ಕಾಗದದಲ್ಲಿ ಸಣ್ಣ ಅಕ್ಷರದಲ್ಲಿರುವುದೇ ಮುಖ್ಯ.

ಈಗ ಕಷ್ಟದ್ದು. ಸೇರಬೇಕೋ ಬೇಡವೋ ಅಂತ ನೀನು ಯಾರನ್ನೇ ಕೇಳು, ಮಾತು ಧೈರ್ಯಕ್ಕೆ ಹೋಗುತ್ತದೆ, ಇಲ್ಲವೇ ದೇಶಪ್ರೇಮಕ್ಕೆ. ಎರಡೂ ದೊಡ್ಡ ಮಾತು. ಆದರೆ ನಿನಗೆ ಅದರಿಂದ ಏನೂ ಗೊತ್ತಾಗುವುದಿಲ್ಲ. ನಾನು ಕೇಳುವುದು ಬೇರೆ. ನಿನಗೆ ಯಂತ್ರ ಮಾಡುವ ಆಸೆಯೋ, ಯಂತ್ರದ ಜೊತೆ ಮನುಷ್ಯರನ್ನೂ ನಡೆಸುವ ಆಸೆಯೋ?

ಸ್ವಾತಿ ರೇಡಾರ್ ನಿನಗೆ ಗೊತ್ತಲ್ಲ. ಶತ್ರುವಿನ ಫಿರಂಗಿ ಗುಂಡು ಬರುವ ದಾರಿ ಹಿಡಿದು, ಅದು ಎಲ್ಲಿಂದ ಹಾರಿತು ಅಂತ ಲೆಕ್ಕ ಹಾಕಿ ಹೇಳುತ್ತದೆ. ಅದರ ವಿನ್ಯಾಸ ಆಗಿದ್ದು ಬೆಂಗಳೂರಿನ ಸಿ.ವಿ. ರಾಮನ್ ನಗರದಲ್ಲಿ, ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒದ ಎಲ್‌ಆರ್‌ಡಿಇ ಅನ್ನೋ ರೇಡಾರ್ ಲ್ಯಾಬ್‌ನಲ್ಲಿ. ತಯಾರಿಸುವುದು ಸರ್ಕಾರಿ ಕಂಪನಿ ಬಿಇಎಲ್. ಅಲ್ಲಿರುವವರೂ ನಿನ್ನ ಹಾಗೆ ಇ ಆಂಡ್ ಸಿ (ಎಲೆಕ್ಟ್ರಾನಿಕ್ಸ್ ಆಂಡ್ ಕಮ್ಯುನಿಕೇಷನ್) ಓದಿದವರೇ. ಅದೇ ರೇಡಾರ್ ಗಡಿಯ ಹತ್ತಿರ ಕೆಟ್ಟು ನಿಂತರೆ, ಸರಿ ಮಾಡಿಸುವ ಹೊಣೆ ಸೇನೆಯ ಯಂತ್ರ ದುರಸ್ತಿ ವಿಭಾಗ ಇಎಂಇಯವರದು. ಸೇನೆಯ ಸಂಪರ್ಕ ವಿಭಾಗ ಸಿಗ್ನಲ್ಸ್‌ಗೆ ಹೋದರೆ ಸಂಪರ್ಕ ಕಡಿಯದ ಹಾಗೆ ನೋಡಿಕೊಳ್ಳುವ ಹೊಣೆ. ಆ ಅಧಿಕಾರಿಯೂ ಇಂಜಿನಿಯರೇ. ಆದರೆ ಇಬ್ಬರ ದಿನ ಬೇರೆ ಬೇರೆ. ಒಬ್ಬಳು ತಿಂಗಳುಗಟ್ಟಲೆ ಒಂದೇ ಬೋರ್ಡಿನ ಮುಂದೆ ಕೂತಿರುತ್ತಾಳೆ. ಇನ್ನೊಬ್ಬಳು ಬೆಳಿಗ್ಗೆ ಎದ್ದರೆ ಯಾರು ರಜೆಯಲ್ಲಿದ್ದಾರೆ, ಯಾರ ಮನೆಯಲ್ಲಿ ಜಗಳ, ಯಾವ ಗಾಡಿಗೆ ಬಿಡಿಭಾಗ ಬಂದಿಲ್ಲ ಅನ್ನೋದರಿಂದ ಶುರು ಮಾಡುತ್ತಾಳೆ. ಮೊದಲನೆಯದೂ ದೇಶದ ಕೆಲಸವೇ. ಇಂಜಿನಿಯರ್‌ಗಳ ಗೇಟ್ ಪರೀಕ್ಷೆ ಬರೆದು ಆ ದಾರಿಗೂ ಹೋಗಬಹುದು. ಯೂನಿಫಾರ್ಮ್ ಇಲ್ಲ ಅನ್ನೋ ಒಂದೇ ಕಾರಣಕ್ಕೆ ಅದನ್ನು ಕಡಿಮೆ ಅಂದುಕೊಳ್ಳಬೇಡ.

ಜನರನ್ನು ನಡೆಸೋದು ಅಂದರೆ ಏನು ಅಂತ ನನಗೆ ಸ್ವಲ್ಪ ಗೊತ್ತು. ನಾನು ಡಿಪ್ಲೊಮಾ ಮುಗಿಸಿ ಕೆಇಬಿ, ಅಂದರೆ ವಿದ್ಯುತ್ ಮಂಡಳಿ ಸೇರಿದಾಗ ಮೀಸೆ ಕೂಡ ಸರಿಯಾಗಿ ಬಂದಿರಲಿಲ್ಲ. ಕಲಘಟಗಿ ಕಡೆಯ ಒಂದು ಸೆಕ್ಷನ್. ನನ್ನ ಕೈಕೆಳಗಿನ ಲೈನ್‌ಮನ್‌ಗಳಲ್ಲಿ ಹಿರಿಯವರಿಗೆ ನನ್ನಪ್ಪನ ವಯಸ್ಸು. ಮಳೆಗಾಲದ ರಾತ್ರಿ ಲೈನ್ ಹರಿದು ಬಿದ್ದರೆ ಸಬ್‌ಸ್ಟೇಷನ್‌ನಿಂದ ಎಲ್‌ಸಿ, ಅಂದರೆ ಲೈನ್ ಬಂದ್ ಮಾಡಿ ಕೆಲಸಕ್ಕೆ ಕೊಡುವ ಅನುಮತಿ ತಗೊಳ್ಳಬೇಕು. ಫೀಡರ್ ಬಂದ್ ಆಗಿದೆಯಾ ಅಂತ ಖಾತ್ರಿ ಮಾಡಿ, ಲೈನಿಗೆ ಅರ್ಥಿಂಗ್ ಹಾಕಿಸಿ, ಆಮೇಲೆ "ಹತ್ತರಿ" ಅನ್ನಬೇಕು. ಆ ಒಂದು ಮಾತು ಇದೆಯಲ್ಲ, ಅದನ್ನು ಯಾವ ಪಾಲಿಟೆಕ್ನಿಕ್‌ನಲ್ಲೂ ಕಲಿಸುವುದಿಲ್ಲ. ಕಂಬ ಹತ್ತುವವನಿಗೆ ನನಗಿಂತ ಜಾಸ್ತಿ ಕೆಲಸ ಗೊತ್ತು. ಆದರೂ ಅವನು ಹತ್ತೋದು ನನ್ನ ಮಾತಿನ ಮೇಲೆ. ಅವನು ಕೆಳಗಿಳಿದು, ಅರ್ಥಿಂಗ್ ತೆಗೆದು, ಎಲ್‌ಸಿ ವಾಪಸ್ ಕೊಟ್ಟ ಮೇಲೇ ನನಗೆ ಚಹಾ ಗಂಟಲಲ್ಲಿ ಇಳಿಯುತ್ತಿದ್ದುದು. ಇವತ್ತಿಗೂ ಹಾಗೇ.

ಲೆಫ್ಟಿನೆಂಟ್ ಆಗಿ ಹೋದ ಮೊದಲ ದಿನ ನಿನ್ನ ಮುಂದೆ ನಿಲ್ಲುವ ಸುಬೇದಾರರಿಗೆ ನಿನ್ನ ವಯಸ್ಸಿನಷ್ಟು ಸರ್ವಿಸ್ ಆಗಿರುತ್ತದೆ. ಅಧಿಕಾರಿಗಳೂ ಅವರನ್ನು "ಸಾಬ್" ಅಂತಲೇ ಕರೆಯುತ್ತಾರಂತೆ. ನನಗದು ಬಹಳ ಹಿಡಿಸಿತು. ಕಲಿಯಬೇಕಾದ್ದು ಅವರಿಂದ, ಆದರೆ ಜವಾಬ್ದಾರಿ ನಿನ್ನದು. ಇದು ನಿನಗೆ ಬೇಕಾ? ಬೇಕು ಅನ್ನಿಸಿದರೆ ಸೇನೆಯಂಥ ಕೆಲಸ ಇನ್ನೊಂದಿಲ್ಲ. 23ರ ಹುಡುಗಿಯ ಕೈಗೆ ಇಷ್ಟು ಜನರನ್ನು ಯಾವ ಕಂಪನಿಯೂ ಕೊಡುವುದಿಲ್ಲ. ಬೇಡ ಅನ್ನಿಸಿದರೆ ಅದರಲ್ಲಿ ನಾಚಿಕೆಯೂ ಇಲ್ಲ.

ಹೆಣ್ಣುಮಕ್ಕಳ ಮಾತು ಜವಾನರು ಕೇಳುತ್ತಾರಾ ಅಂತ ನಿಮ್ಮ ಮಾವ ಮೊನ್ನೆ ಕೇಳಿದರು. ಇದು ಅವರೊಬ್ಬರ ಪ್ರಶ್ನೆ ಅಲ್ಲ. ಸುಪ್ರೀಂ ಕೋರ್ಟ್‌ನಲ್ಲಿ ಸರ್ಕಾರವೇ ಇದನ್ನು ವಾದವಾಗಿ ಮುಂದಿಟ್ಟಿತ್ತು. ಜವಾನರು ಹೆಚ್ಚಾಗಿ ಹಳ್ಳಿಯಿಂದ ಬಂದವರು, ಹೆಣ್ಣು ಕಮಾಂಡರ್‌ಗಳನ್ನು ಒಪ್ಪಿಕೊಳ್ಳುವ ಮನಸ್ಸು ಅವರಿಗಿಲ್ಲ ಅಂತ. 1992ರಿಂದ ಹೆಣ್ಣುಮಕ್ಕಳು ವೈದ್ಯಕೀಯ ವಿಭಾಗದ ಆಚೆಗೂ ಅಧಿಕಾರಿಗಳಾಗಿ ಸೇರುತ್ತಿದ್ದರೂ ಬಹುತೇಕ ವಿಭಾಗಗಳಲ್ಲಿ ಶಾರ್ಟ್ ಸರ್ವಿಸ್ ಮುಗಿಸಿ ಮನೆಗೆ ಹೋಗಬೇಕಿತ್ತು. 2003ರಲ್ಲಿ ದೆಹಲಿ ಹೈಕೋರ್ಟ್‌ನಲ್ಲಿ ಬಬಿತಾ ಪುನಿಯಾ ಶುರು ಮಾಡಿದ ಹೋರಾಟಕ್ಕೆ 2020ರ ಫೆಬ್ರವರಿ 17ರಂದು ಸುಪ್ರೀಂ ಕೋರ್ಟ್ ತೀರ್ಪು ಸಿಕ್ಕಿತು. ನಿವೃತ್ತಿಯವರೆಗೂ ಸೇವೆಯಲ್ಲಿರುವ ಪರ್ಮನೆಂಟ್ ಕಮಿಷನ್ ಕೊಡಿ, ತುಕಡಿ ನಡೆಸುವ ಕಮಾಂಡ್ ಹುದ್ದೆಯನ್ನೂ ನಿರಾಕರಿಸಬೇಡಿ ಅಂತ. ನೋಡು, ಹದಿನೇಳು ವರ್ಷ. ಇಷ್ಟಾದರೂ ಪದಾತಿ ದಳ, ಟ್ಯಾಂಕ್ ದಳಗಳ ಬಾಗಿಲು ಹೆಣ್ಣುಮಕ್ಕಳಿಗೆ ತೆರೆದಿಲ್ಲ. ಆರ್ಟಿಲರಿ, ಅಂದರೆ ಫಿರಂಗಿ ದಳ ತೆರೆದಿದ್ದು 2023ರಲ್ಲಿ.

ಹಳ್ಳಿಯವರು ಒಪ್ಪಲ್ಲ ಅನ್ನೋ ವಾದ ಓದಿ ನನಗೆ ನಗು ಬಂತು. ನಮ್ಮ ಸಬ್‌ಡಿವಿಷನ್‌ನಲ್ಲಿ ಈಗ ಒಬ್ಬ ಹುಡುಗಿ ಸೆಕ್ಷನ್ ಆಫೀಸರ್ ಇದ್ದಾಳೆ. ನಮ್ಮ ಲೈನ್‌ಮನ್‌ಗಳೆಲ್ಲ ಹಳ್ಳಿಯವರೇ. ಮೊದಲ ವಾರ ಗುಸುಗುಸು ಇತ್ತು, ಸುಳ್ಳು ಹೇಳಲ್ಲ. ಒಂದು ರಾತ್ರಿ ಟಿಸಿ (ಟ್ರಾನ್ಸ್‌ಫಾರ್ಮರ್) ಸುಟ್ಟಾಗ ಅವಳು ಮಳೆಯಲ್ಲಿ ಬಂದು ಕೆಲಸ ಮುಗಿಯುವ ತನಕ ಕಂಬದ ಕೆಳಗೇ ನಿಂತಳು. ಅಲ್ಲಿಂದ ಮುಂದೆ ಗುಸುಗುಸು ನಿಂತಿತು. ಜನ ನೋಡೋದು ಅಷ್ಟೇ, ಮೇಲಿನವರು ಬಂದು ನಿಲ್ಲುತ್ತಾರೋ, ಫೋನಿನಲ್ಲೇ ಮುಗಿಸುತ್ತಾರೋ ಅಂತ.

ಕೊಡಗಿನ ಮನೆಯಲ್ಲಿ ಹುಟ್ಟಿದ್ದರೆ ಈ ಪತ್ರ ಬೇಕಾಗುತ್ತಿರಲಿಲ್ಲವೇನೋ. ಅಲ್ಲಿ ಮಾತು ಕಾರ್ಯಪ್ಪ, ತಿಮ್ಮಯ್ಯ ಅಂತಲೇ ಶುರುವಾಗುತ್ತದೆ. ನಮ್ಮ ಕಡೆಯ ಹಳ್ಳಿಗಳಿಂದಲೂ ಸೇನೆಗೆ ಹೋದವರು ಕಡಿಮೆಯಿಲ್ಲ. ಆದರೆ ಹೆಚ್ಚಿನವರು ಜವಾನರಾಗಿ ಹೋದವರು, ಅದೂ ಗಂಡುಮಕ್ಕಳು. ಮಗಳು ಅಧಿಕಾರಿಯಾಗಿ ಹೋಗುವುದಕ್ಕೆ ನಮ್ಮ ಬಳಗದಲ್ಲಿ ತೋರಿಸಲು ಒಂದು ಉದಾಹರಣೆ ಇಲ್ಲ. ಹಾಗಾಗಿ ನಿಮ್ಮವ್ವನ ಭಯವನ್ನು ಅಜ್ಞಾನ ಅಂತ ತಳ್ಳಿಹಾಕಬೇಡ.

ಆ ಭಯಕ್ಕೆ ಕಾರಣವೂ ಇದೆ. ನೀನು ಮೊಬೈಲ್‌ನಲ್ಲಿ ಕ್ಯಾಪ್ಟನ್ ಶಿವಾ ಚೌಹಾಣ್ ಅವರ ಫೋಟೋ ತೋರಿಸಿದೆ. ಉದಯಪುರದಲ್ಲಿ ಸಿವಿಲ್ ಇಂಜಿನಿಯರಿಂಗ್ ಓದಿದ ಹುಡುಗಿ. ಚಿಕ್ಕಂದಿನಲ್ಲೇ ಅಪ್ಪ ತೀರಿಕೊಂಡು, ತಾಯಿಯೇ ಬೆಳೆಸಿದ್ದು. 2023ರ ಜನವರಿಯಲ್ಲಿ ಸಿಯಾಚಿನ್‌ನ ಕುಮಾರ್ ಪೋಸ್ಟ್‌ಗೆ, 15,600 ಅಡಿ ಎತ್ತರಕ್ಕೆ, ಸ್ಯಾಪರ್‌ಗಳ, ಅಂದರೆ ಸೇನೆಯ ಇಂಜಿನಿಯರ್ ದಳದ ಸೈನಿಕರ ತಂಡ ಕಟ್ಟಿಕೊಂಡು ಹೋದ ಮೊದಲ ಮಹಿಳಾ ಅಧಿಕಾರಿ. ನೀನು ಓದುತ್ತಿದ್ದಾಗ ನಿನ್ನ ಕಣ್ಣು ಹೊಳೆಯುತ್ತಿತ್ತು. ನಿಮ್ಮವ್ವ ಎದ್ದು ಒಳಗೆ ಹೋದಳು. ಅವಳಿಗೆ ಸಿಯಾಚಿನ್ ಅಂದರೆ ಕುಂದಗೋಳ ತಾಲೂಕಿನ ಬೆಟದೂರು. ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ 2016ರ ಫೆಬ್ರವರಿ 3ರ ಹಿಮಪಾತದಲ್ಲಿ ಸಿಕ್ಕಿಕೊಂಡು, ಆರು ದಿನ ಹಿಮದಡಿ ಇದ್ದೂ ಜೀವಂತ ಸಿಕ್ಕಿದಾಗ ಇಡೀ ಓಣಿ ದೇವರಿಗೆ ಹರಕೆ ಹೊತ್ತಿತ್ತು. 11ರಂದು ದೆಹಲಿಯ ಆಸ್ಪತ್ರೆಯಲ್ಲಿ ಹೋಗಿಬಿಟ್ಟರು. ಅವರಿಗೆ ಪುಟ್ಟ ಮಗಳಿದ್ದಳು. ಇಡೀ ಜಿಲ್ಲೆ ಅತ್ತಿತ್ತು, ನೀನೂ ಅತ್ತಿದ್ದೆ, ನೆನಪಿದೆಯಾ? ನಿಮ್ಮವ್ವನ ಜೊತೆ ವಾದ ಮಾಡಬೇಡ. ವಾದದಿಂದ ಹೋಗುವ ಭಯ ಅಲ್ಲ ಅದು. ಹಾಗಂತ ಆ ಭಯ ನಿನ್ನ ತೀರ್ಮಾನವನ್ನೂ ಮಾಡಬಾರದು. ಅದು ನಮ್ಮದು, ನಾವು ಇಟ್ಟುಕೊಳ್ಳುತ್ತೇವೆ.

ಪೋಸ್ಟರ್‌ನಲ್ಲಿ ಹಾಕದ ಕೆಲವು ವಿಷಯ ಹೇಳುತ್ತೇನೆ. ಸಂಬಳ ಚೆನ್ನಾಗಿಯೇ ಇದೆ. ಏಳನೇ ವೇತನ ಆಯೋಗದಲ್ಲಿ ಲೆಫ್ಟಿನೆಂಟ್‌ಗೆ ಮೂಲ ವೇತನ 56,100, ಅದರ ಮೇಲೆ ಮಿಲಿಟರಿ ಸರ್ವಿಸ್ ಪೇ 15,500, ಮತ್ತೆ ಡಿಎ. ನಿನ್ನ ಕಂಪನಿಯ ಪ್ಯಾಕೇಜ್‌ಗಿಂತ ಜಾಸ್ತಿಯೇ. ಆದರೆ ಶಾರ್ಟ್ ಸರ್ವಿಸ್ ಹತ್ತು ವರ್ಷ, ಬೇಕಾದರೆ ಮತ್ತೆ ನಾಲ್ಕು. ಅಧಿಕಾರಿಗೆ ಪೆನ್ಷನ್ ಸಿಗಲು 20 ವರ್ಷ ಬೇಕು. ಪರ್ಮನೆಂಟ್ ಕಮಿಷನ್ ಸಿಗದಿದ್ದರೆ 36-37ನೇ ವಯಸ್ಸಿಗೆ ಹೊಸದಾಗಿ ಕೆಲಸ ಹುಡುಕಬೇಕು. ಹೊರಗಿನ ಎಲೆಕ್ಟ್ರಾನಿಕ್ಸ್ ಅಷ್ಟರಲ್ಲಿ ಬಹಳ ದೂರ ಹೋಗಿರುತ್ತದೆ. ಇದನ್ನು ಮೊದಲೇ ಒಪ್ಪಿಕೊಂಡು ಹೋಗಬೇಕು.

ಇನ್ನೊಂದು ನನಗೆ ನಿದ್ದೆ ಕೆಡಿಸಿದ ವಿಷಯ. ತರಬೇತಿಯಲ್ಲೇ ಗಂಭೀರ ಗಾಯವಾಗಿ ಹೊರಬಿದ್ದ ಕೆಡೆಟ್‌ಗಳಿಗೆ ಮಾಜಿ ಸೈನಿಕರ ಸ್ಥಾನಮಾನ ಇಲ್ಲ. ಇನ್ನೂ ಕಮಿಷನ್ ಆಗಿ ಅಧಿಕಾರಿಯಾಗಿರಲಿಲ್ಲ ಅನ್ನೋದು ಕಾರಣ. ಅವರಿಗೆ ಚಿಕಿತ್ಸೆಯ ಖರ್ಚೇ ದೊಡ್ಡ ಹೊರೆಯಾಗಿತ್ತು. 2025ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ತಾನಾಗಿಯೇ ಕೈಗೆತ್ತಿಕೊಂಡಿತು. ಹೆದರಿಸಲು ಹೇಳುತ್ತಿಲ್ಲ. ದೇಶಕ್ಕಾಗಿ ಬನ್ನಿ ಅಂತ ಕರೆಯುವವರು ಬಿದ್ದವರನ್ನು ಹೇಗೆ ನೋಡಿಕೊಂಡರು ಅಂತ ಕೇಳುವ ಹಕ್ಕು ಹೋಗುವವರಿಗೆ ಇದೆ, ಅಲ್ವಾ?

ಮದುವೆ ಬಗ್ಗೆ ನಿಮ್ಮ ಸೋದರತ್ತೆ ಆಗಲೇ ಎರಡು ಜಾತಕ ತಂದಿದ್ದಳು. ತರಬೇತಿ ಮುಗಿಯುವ ತನಕ ಮದುವೆ ಆಗುವ ಹಾಗೇ ಇಲ್ಲ, ಸರ್ಕಾರದ ರೂಲು ಅಂದೆ. ಜಾತಕ ಮಡಚಿ ಬ್ಯಾಗಿಗೆ ಹಾಕಿಕೊಂಡಳು. ನೀನು ಸೇರದಿದ್ದರೂ ಪ್ರಕಟಣೆಯಿಂದ ಒಂದು ಉಪಯೋಗ ಆಯಿತು.

ನನ್ನ ಪ್ರಶ್ನೆಗೆ ನಿನ್ನ ಉತ್ತರ ಏನಿರಬಹುದು ಅಂತ ನಾನೂ ಯೋಚಿಸಿದೆ. ಪ್ರಾಜೆಕ್ಟ್‌ಗೆ ಬೋರ್ಡ್ ಮಾಡುವಾಗ ನಿನಗೆ ಊಟದ ನೆನಪೂ ಇರುತ್ತಿರಲಿಲ್ಲ. ಸೋಲ್ಡರಿಂಗ್ ವಾಸನೆಗೆ ನಿಮ್ಮವ್ವ ಕಿಟಕಿ ತೆರೆದು ತೆರೆದು ಇಡುತ್ತಿದ್ದಳು. ಅದನ್ನು ನೋಡಿದರೆ ನೀನು ಲ್ಯಾಬ್‌ಗೆ ಸೇರಿದವಳು. ಆದರೆ ಹಾಸ್ಟೆಲ್‌ನ ಮೆಸ್ ಕಮಿಟಿ ಇದೆಯಲ್ಲ. ಅಡುಗೆಯವರು ಕೆಲಸ ಬಿಟ್ಟುಹೋದಾಗ ಎಲ್ಲರ ಬೈಗುಳ ತಿಂದು, ಮನೆಗೆ ಬಂದು "ಈ ಜನರ ಸಹವಾಸ ಸಾಕಪ್ಪಾ" ಅಂದೆ. ಮರುವರ್ಷ ಯಾರೂ ಕೇಳದೆಯೂ ಮತ್ತೆ ಅದೇ ಕಮಿಟಿಗೆ ಹೆಸರು ಕೊಟ್ಟೆ. ಯಾಕೆ ಕೊಟ್ಟೆ? ನನಗೆ ಹೇಳಬೇಡ, ನೀನೇ ಯೋಚಿಸು. ಐಟಿ ಬೇಜಾರು ಅನ್ನೋದು ಸೇನೆಗೆ ಹೋಗಲು ಕಾರಣ ಅಲ್ಲ. ಬೈಗುಳ ತಿಂದ ಮೇಲೂ ಹೆಸರು ಕೊಟ್ಟಿದ್ದಕ್ಕೆ ಕಾರಣ ಸಿಕ್ಕರೆ, ಅದು ಆಗಬಹುದು.

ಎಸ್‌ಎಸ್‌ಬಿಗೆ ಕೋಚಿಂಗ್ ಸೇರಲಾ ಅಂದೆ. ಏನು ನಡೆಯುತ್ತದೆ ಅಂತ ತಿಳಿದುಕೊಳ್ಳಲು ಸಾಕಾಗುವಷ್ಟು ನೋಡು, ಉತ್ತರ ಬಾಯಿಪಾಠ ಮಾಡಬೇಡ. ಒಂದೊಂದು ಶಬ್ದಕ್ಕೆ 15 ಸೆಕೆಂಡಿನ ಹಾಗೆ 60 ಶಬ್ದ ತೋರಿಸಿ ವಾಕ್ಯ ಬರೆಸುತ್ತಾರೆ. ಆ ಓಟದಲ್ಲಿ ಬಾಯಿಪಾಠ ಎಷ್ಟು ಹೊತ್ತು ನಿಲ್ಲುತ್ತದೆ? ಅಲ್ಲಿ ಇಲ್ಲ ಅಂದರೆ ನೀನು ಕೆಲಸಕ್ಕೆ ಬಾರದವಳು ಅಂತಲೂ ಅಲ್ಲ. ಮೊದಲ ದಿನದ ಸ್ಕ್ರೀನಿಂಗ್‌ನಲ್ಲೇ ಎಷ್ಟೋ ಜನ ವಾಪಸ್ ಬರುತ್ತಾರೆ, ಮತ್ತೆ ಹೋಗಿ ಪಾಸಾದವರೂ ಇದ್ದಾರೆ. ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್‌ಗೆ ಟಿಕೆಟ್ ಮಾಡಿಸಿದ್ದೇನೆ, ಹೋಗುವುದಕ್ಕೆ ಮಾತ್ರ. ವಾಪಸ್ ಬರುವ ದಿನ ನೀನೇ ಫೋನ್ ಮಾಡಿ ಹೇಳು.

ಕೊನೆಗೊಂದು. ಬಲಗಡೆಯ ಆ ಹುಳುಕು ಹಲ್ಲನ್ನು ಈ ವಾರವೇ ಡಾಕ್ಟರ್‌ಗೆ ತೋರಿಸು. ಮೆಡಿಕಲ್‌ನಲ್ಲಿ ಹಲ್ಲಿಗೂ ಪಾಯಿಂಟ್ ಲೆಕ್ಕ ಇದೆಯಂತೆ, ಕಡಿಮೆ ಅಂದರೂ 14 ಬೇಕು. ದುಡ್ಡು ಹಾಕಿದ್ದೇನೆ, ಅದರಲ್ಲಿ ಮತ್ತೆ ಸೆನ್ಸರ್ ಕೊಳ್ಳಬೇಡ.

ನಿನ್ನ
ಅಪ್ಪ